ಮೆಗ್ ರಯಾನ್ ಎಲ್ಲಿ ಹೋದರು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಕಡೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಟೀಚರ್. ನಮ್ಮ ಕಡೆ ಸಿನಿಮಾ ಮಾತು ಶುರುವಾದರೆ ಕನ್ನಡ, ಮಲಯಾಳ, ತುಳು, ತಮಿಳು, ಹಿಂದಿ ಎಲ್ಲವೂ ಬರುತ್ತದೆ. ನನ್ನ ಹತ್ತಿರ ಮಾತಾಡುವವರು ಮಾತ್ರ ಕಡೆಗೆ ಮೆಗ್ ರಯಾನ್ ವಿಷಯಕ್ಕೆ ಬರುತ್ತಾರೆ, ಯಾಕೆಂದರೆ ಅವರ ಬಗ್ಗೆ ನಾನು ಸುಮ್ಮನಿರುವವಳಲ್ಲ ಎಂದು ಎಲ್ಲರಿಗೂ ಗೊತ್ತು. ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಹಳೆ ವಿದ್ಯಾರ್ಥಿಗಳ ವಾಟ್ಸಾಪಿನಲ್ಲಿ, ಕುಂಬಳೆಯಿಂದ ಬಂದ ಒಂದು ಉದ್ದದ ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ.

## ಮೊದಲು ಪರಿಚಯ

ಟೀಚರೇ, ಈ ಮೆಗ್ ರಯಾನ್ ಅಂದ್ರೆ ಯಾರು? ನಾನು ಹುಟ್ಟಿದ್ದೇ 2004ರಲ್ಲಿ!

ಅಮೆರಿಕದ ನಟಿ. 1961ರ ನವೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಹುಟ್ಟಿದರು. ಓದಿದ್ದು ಪತ್ರಿಕೋದ್ಯಮ, ಓದುವಾಗಲೇ ಜಾಹೀರಾತು, ಆಮೇಲೆ ಧಾರಾವಾಹಿ. 1981ರಲ್ಲಿ ಮೊದಲ ಸಿನಿಮಾ. 1986ರ 'ಟಾಪ್ ಗನ್'ನಲ್ಲಿ ಹೀರೋನ ಗೆಳೆಯನ ಹೆಂಡತಿಯಾಗಿ ಸ್ವಲ್ಪ ಹೊತ್ತು ಬರುತ್ತಾರೆ, ಆದರೂ ಜನ ನೆನಪಿಟ್ಟುಕೊಂಡರು. 1989ರಲ್ಲಿ 'ವೆನ್ ಹ್ಯಾರಿ ಮೆಟ್ ಸ್ಯಾಲಿ' ಬಂತು, ಅಲ್ಲಿಂದ ಸುಮಾರು ಹತ್ತು ವರ್ಷ ರೋಮ್ಯಾಂಟಿಕ್ ಕಾಮಿಡಿ ಅಂದರೆ ಇವರೇ. 1993ರ 'ಸ್ಲೀಪ್‌ಲೆಸ್ ಇನ್ ಸಿಯಾಟಲ್', 1995ರ 'ಫ್ರೆಂಚ್ ಕಿಸ್', 1998ರ 'ಯೂ ಹ್ಯಾವ್ ಗಾಟ್ ಮೇಲ್'. 1995ರಲ್ಲಿ ಅವರ ಕೆದರಿದ ಹಾಗೆ ಕಾಣುವ ಗಿಡ್ಡ ಕೂದಲನ್ನು ನೋಡಿ ಅಮೆರಿಕದ ಹೆಂಗಸರು ಪಾರ್ಲರಿಗೆ ಹೋಗಿ ಅದೇ ಬೇಕೆಂದು ಕೇಳುತ್ತಿದ್ದರು.

ನೀನು ಹುಟ್ಟಿದ ವರ್ಷವೇ ಅವರು ದೊಡ್ಡ ಸ್ಟುಡಿಯೋ ಸಿನಿಮಾದಲ್ಲಿ ಹೀರೋಯಿನ್ ಆಗಿ ಬರುವುದು ಹೆಚ್ಚುಕಡಿಮೆ ನಿಂತದ್ದು. ಹಾಗಾಗಿ ಗೊತ್ತಿಲ್ಲದೇ ಇರುವುದು ನಿನ್ನ ತಪ್ಪಲ್ಲ.

ಅವರ ಸಿನಿಮಾ ಒಂದೂ ನೋಡಿಲ್ಲ, ಆದ್ರೂ ಕಥೆ ಎಲ್ಲೋ ಕೇಳಿದ ಹಾಗೆ ಉಂಟಲ್ಲ?

ಹಿಂದಿಯಲ್ಲಿ ನೋಡಿರುತ್ತೀರಿ. 'ಫ್ರೆಂಚ್ ಕಿಸ್' ಕಥೆಯೇ 1998ರಲ್ಲಿ ಕಾಜೋಲ್, ಅಜಯ್ ದೇವಗನ್ ಇಬ್ಬರ 'ಪ್ಯಾರ್ ತೋ ಹೋನಾ ಹೀ ಥಾ' ಆಯಿತು. ವಿಮಾನಕ್ಕೆ ಹೆದರುವ ಹುಡುಗಿ, ಕೈಕೊಟ್ಟ ಹುಡುಗನನ್ನು ಹುಡುಕಿಕೊಂಡು ಹೋಗುವುದು, ಪಕ್ಕದ ಸೀಟಿನ ಕಳ್ಳ. 2004ರ 'ಹಮ್ ತುಮ್' ನೋಡಿದವರಿಗೆ ಹ್ಯಾರಿ-ಸ್ಯಾಲಿ ಕಥೆಯ ನೆರಳು ಗೊತ್ತಾಗುತ್ತದೆ: ವರ್ಷಗಟ್ಟಲೆ ಸಿಕ್ಕು, ಜಗಳವಾಡಿ, ಬೇರೆಯಾಗಿ, ಮತ್ತೆ ಸಿಗುವ ಇಬ್ಬರು.

ಅಷ್ಟು ಜನಕ್ಕೆ ಇಷ್ಟ ಆಗುವ ಹಾಗೆ ಅವರಲ್ಲಿ ಎಂತ ಇತ್ತು?

ಈ ಪ್ರಶ್ನೆಗೆ ಉತ್ತರ ಬರೆಯುವುದೇ ಒಂದು ಖುಷಿ. ಹೀರೋಯಿನ್ ಅಂದರೆ ಚಂದ ಕಾಣಬೇಕು, ಹೀರೋನ ಜೋಕಿಗೆ ನಗಬೇಕು ಎಂಬ ಕಾಲದಲ್ಲಿ ಇವರು ತಾವೇ ನಗಿಸುತ್ತಿದ್ದರು. ಅದೂ ಮುಖ ಸೊಟ್ಟ ಮಾಡಿ ಅಲ್ಲ. 'ವೆನ್ ಹ್ಯಾರಿ ಮೆಟ್ ಸ್ಯಾಲಿ'ಯಲ್ಲಿ ಇವರು ಮಾಡಿದ ಸ್ಯಾಲಿ ಹೋಟೆಲಿಗೆ ಹೋದರೆ ಒಂದು ಆ್ಯಪಲ್ ಪೈ ತರಿಸಲು ಅರ್ಧ ಪುಟದಷ್ಟು ಷರತ್ತು ಹಾಕುತ್ತಾಳೆ. ಪೈ ಬಿಸಿ ಇರಬೇಕು, ಐಸ್‌ಕ್ರೀಮ್ ಮೇಲೆ ಹಾಕಬಾರದು, ಪಕ್ಕದಲ್ಲಿ ಇಡಬೇಕು, ವೆನಿಲಾ ಬೇಡ, ಸ್ಟ್ರಾಬೆರಿ ಇದ್ದರೆ ಮಾತ್ರ. ಬೇರೆ ಯಾರಾದರೂ ಮಾಡಿದ್ದರೆ ಕಿರಿಕಿರಿ ಆಗುತ್ತಿತ್ತು. ಇವರು ಮಾಡಿದಾಗ ನಮ್ಮ ಮನೆಯಲ್ಲೇ ಇರುವ ಒಬ್ಬಳ ಹಾಗೆ ಕಾಣುತ್ತದೆ, ಯಾಕೆಂದರೆ ಅವರು ಆ ಹಠವನ್ನು ಪೂರ್ತಿ ನಂಬಿ ಹೇಳುತ್ತಾರೆ, ನಗಿಸಬೇಕು ಎಂಬ ಆಸೆ ಮುಖದಲ್ಲಿ ಎಲ್ಲೂ ಕಾಣುವುದಿಲ್ಲ.

ಅದೇ ಸಿನಿಮಾದ ಇನ್ನೊಂದು ಹೋಟೆಲ್ ದೃಶ್ಯ ಜಗತ್ತಿಗೇ ಗೊತ್ತು. ಹೆಂಗಸರು ಹಾಸಿಗೆಯಲ್ಲಿ ಸುಖ ಸಿಕ್ಕ ಹಾಗೆ ಹೇಗೆ ನಟಿಸುತ್ತಾರೆ ಎಂದು ಸ್ಯಾಲಿ ತುಂಬಿದ ಹೋಟೆಲಿನಲ್ಲಿ ಸ್ನೇಹಿತನಿಗೆ ಮಾಡಿ ತೋರಿಸುತ್ತಾಳೆ. ಅದನ್ನು ಹೋಟೆಲಿನಲ್ಲೇ, ಜನರ ಎದುರಲ್ಲೇ ಮಾಡೋಣ ಎಂಬ ಸಲಹೆ ಮೆಗ್ ರಯಾನ್ ಅವರದ್ದು. ಈ ದೃಶ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರಿಯಾಗಿ ಯಾವಾಗ ಇಳಿಯಲು ಶುರು ಆದದ್ದು?

ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ 1998 ಅವರ ತುತ್ತತುದಿ. ಆ ಒಂದೇ ವರ್ಷ 'ಸಿಟಿ ಆಫ್ ಏಂಜಲ್ಸ್' ಜಗತ್ತಿನಾದ್ಯಂತ ಸುಮಾರು 20 ಕೋಟಿ ಡಾಲರ್ ಗಳಿಸಿತು, 'ಯೂ ಹ್ಯಾವ್ ಗಾಟ್ ಮೇಲ್' ಸುಮಾರು 25 ಕೋಟಿ. 2000ದ ಡಿಸೆಂಬರ್‌ನಲ್ಲಿ ಬಂದ 'ಪ್ರೂಫ್ ಆಫ್ ಲೈಫ್' ಹಾಕಿದ ದುಡ್ಡನ್ನೇ ವಾಪಸ್ ತರಲಿಲ್ಲ. 2001ರ 'ಕೇಟ್ ಆ್ಯಂಡ್ ಲಿಯೊಪೋಲ್ಡ್' ಪರವಾಗಿಲ್ಲ ಅನ್ನುವಷ್ಟು. 2003ರ 'ಇನ್ ದ ಕಟ್' ಸೋತಿತು. 2004ರಲ್ಲಿ ಬಾಕ್ಸಿಂಗ್ ಮ್ಯಾನೇಜರ್ ಒಬ್ಬರ ಕಥೆ 'ಅಗೇನ್‌ಸ್ಟ್ ದ ರೋಪ್ಸ್' ಬಂತು, ಅದು ಹಾಕಿದ ದುಡ್ಡಿನ ಕಾಲು ಭಾಗವನ್ನೂ ಕಾಣಲಿಲ್ಲ. ಅದಾದ ಮೇಲೆ 2007ರವರೆಗೆ ತೆರೆಯ ಮೇಲೆ ಅವರೇ ಇಲ್ಲ.

ಅಂದರೆ ತುದಿಯಿಂದ ಕೆಳಗೆ ಬರಲು ಬರೀ ಆರು ವರ್ಷ. ಇಷ್ಟು ಬೇಗ ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಒಂದೇ ಕಾರಣ ಹೇಳಿ ಮುಗಿಸುವವರನ್ನು ನಾನು ನಂಬುವುದಿಲ್ಲ.

## ಗಾಸಿಪ್ ಪ್ರಶ್ನೆಗಳು

ಆ ರಸೆಲ್ ಕ್ರೋ ಜೊತೆಗಿನ ವಿಷಯದಿಂದಲೇ ಹಾಳಾದದ್ದಲ್ವಾ ಅಕ್ಕ?

ಪೆಟ್ಟು ಬಿದ್ದದ್ದು ಹೌದು. ನಟ ಡೆನಿಸ್ ಕ್ವೇಡ್ ಅವರನ್ನು 1991ರಲ್ಲಿ ಮದುವೆಯಾಗಿದ್ದರು, ಒಬ್ಬ ಮಗ. 'ಪ್ರೂಫ್ ಆಫ್ ಲೈಫ್' ಚಿತ್ರೀಕರಣದ ಸಮಯದಲ್ಲಿ ಸಹನಟ ರಸೆಲ್ ಕ್ರೋ ಜೊತೆಗಿನ ಸಂಬಂಧ ಪತ್ರಿಕೆಗಳ ಮುಖಪುಟಕ್ಕೆ ಬಂತು. 2000ದಲ್ಲಿ ಗಂಡ ಹೆಂಡತಿ ಬೇರೆಯಾದರು, 2001ರಲ್ಲಿ ವಿಚ್ಛೇದನ. ಸಿನಿಮಾ ಸೋತದ್ದಕ್ಕೆ ಈ ಸುದ್ದಿಯೇ ಕಾರಣ ಎಂದು ನಿರ್ದೇಶಕ ಟೇಲರ್ ಹ್ಯಾಕ್‌ಫೋರ್ಡ್ ಬಹಿರಂಗವಾಗಿಯೇ ಹೇಳಿದರು. ಮದುವೆ ಅದಕ್ಕೆ ತುಂಬಾ ಮೊದಲೇ ಹದಗೆಟ್ಟಿತ್ತು ಎಂದು ಮೆಗ್ ರಯಾನ್ ಆಮೇಲೆ ಹೇಳಿದ್ದಾರೆ. ಅಷ್ಟು ಹೊತ್ತಿಗೆ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಅದೇ ಸಂಬಂಧದಲ್ಲಿ ಇನ್ನೊಬ್ಬರೂ ಇದ್ದರು ಅಲ್ವಾ? ರಸೆಲ್ ಕ್ರೋ ಅವರಿಗೆ 2001ರ ಮಾರ್ಚ್‌ನಲ್ಲಿ 'ಗ್ಲಾಡಿಯೇಟರ್' ಚಿತ್ರಕ್ಕೆ ಆಸ್ಕರ್ ಬಂತು. ಅದೇ ವರ್ಷ 'ಎ ಬ್ಯೂಟಿಫುಲ್ ಮೈಂಡ್' ಬಂದು ಮತ್ತೆ ನಾಮನಿರ್ದೇಶನ. ಅವರು ಸಿಟ್ಟಿನ, ಒರಟು ಗಂಡಸು ಎಂಬ ಹೆಸರಿನವರು, ಈ ಸುದ್ದಿ ಆ ಹೆಸರಿಗೆ ಇನ್ನಷ್ಟು ಬಣ್ಣ ಕೊಟ್ಟಿತು. ಮೆಗ್ ರಯಾನ್ 'ಅಮೆರಿಕದ ಮುದ್ದಿನ ಹುಡುಗಿ'. ಆ ಬಿರುದನ್ನು ಇವರು ಕೇಳಿ ಪಡೆದದ್ದಲ್ಲ, ಪತ್ರಿಕೆಗಳೇ ಕಟ್ಟಿದ್ದು. ಕಟ್ಟಿದವರೇ ಅದನ್ನು ಕಿತ್ತುಕೊಂಡರು.

ಮುಖಕ್ಕೆ ಎಂತದ್ದೋ ಮಾಡಿಸಿಕೊಂಡರಂತೆ, ಅದರಿಂದಲೇ ಅವಕಾಶ ಹೋದದ್ದಂತೆ?

ಈ ಪ್ರಶ್ನೆ ಬಂದಾಗ ನನಗೆ ಬೇಸರವಾಗುತ್ತದೆ, ಆದರೂ ಪ್ರತಿ ಸಲ ಬರುತ್ತದೆ. ಅವರು ಏನು ಮಾಡಿಸಿದರು, ಮಾಡಿಸಲಿಲ್ಲ ಎಂಬುದು ಅವರ ಮನೆಯ ವಿಷಯ. ನಾನು ಹೇಳಬಹುದಾದದ್ದು ತಾರೀಕುಗಳ ಬಗ್ಗೆ ಮಾತ್ರ. ಅವರ ದೊಡ್ಡ ಸೋಲುಗಳು 2000ದಿಂದ 2004ರ ಒಳಗೆ ಆದವು. ಅವರ ಮುಖದ ಫೋಟೋ ಹಾಕಿ ಕೆಟ್ಟ ಮಾತು ಬರೆಯುವ ಚಾಳಿ ಜೋರಾದದ್ದು ಅದಕ್ಕೆ ತುಂಬಾ ಆಮೇಲೆ. ಹಾಗಿರುವಾಗ ಆಮೇಲೆ ಬಂದದ್ದು ಮೊದಲಾದದ್ದಕ್ಕೆ ಕಾರಣ ಆಗುವುದು ಹೇಗೆ?

ಮತ್ತೆ, 'ವಯಸ್ಸಾಯ್ತು' ಎಂದು ಪಾತ್ರ ಕೊಡದೇ ಇರುವುದು, ವಯಸ್ಸು ಕಾಣದ ಹಾಗೆ ಮಾಡಿದರೆ 'ಛೇ, ಹಾಳು ಮಾಡಿಕೊಂಡಳು' ಅನ್ನುವುದು. ಎರಡನ್ನೂ ಹೇಳುವುದು ಅದೇ ಜನ.

ಟಿವಿ ಸಂದರ್ಶನದಲ್ಲಿ ಜಗಳ ಮಾಡಿ ಎದ್ದು ಹೋದರಂತೆ, ಅಹಂಕಾರ ಜಾಸ್ತಿ ಅಂತಾರೆ?

ಎದ್ದು ಹೋಗಲಿಲ್ಲ, ಜಗಳವೂ ಆಗಲಿಲ್ಲ. 2003ರ ಅಕ್ಟೋಬರ್‌ನಲ್ಲಿ 'ಇನ್ ದ ಕಟ್' ಪ್ರಚಾರಕ್ಕೆಂದು ಅವರು ಬಿಬಿಸಿಯ ಮೈಕೆಲ್ ಪಾರ್ಕಿನ್ಸನ್ ಕಾರ್ಯಕ್ರಮಕ್ಕೆ ಹೋದರು. ಸಿನಿಮಾದಲ್ಲಿ ಅವರ ನಗ್ನ ದೃಶ್ಯಗಳಿದ್ದವು. ಅದು ಪಾರ್ಕಿನ್ಸನ್ ಅವರಿಗೆ ಹಿಡಿಸಿರಲಿಲ್ಲ ಎಂಬುದು ಪ್ರಶ್ನೆಯ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಮೆಗ್ ರಯಾನ್ ಒಂದೆರಡು ಮಾತಿನ ಉತ್ತರ ಕೊಡುತ್ತಾ ಹೋದರು. ಪತ್ರಿಕೋದ್ಯಮ ಓದಿದವರಲ್ಲವೇ ನೀವು, ನನ್ನ ಜಾಗದಲ್ಲಿದ್ದರೆ ಈಗ ಏನು ಮಾಡುತ್ತಿದ್ದಿರಿ ಎಂದು ಪಾರ್ಕಿನ್ಸನ್ ಕೇಳಿದರು. ಇಲ್ಲಿಗೆ ಮುಗಿಸುತ್ತಿದ್ದೆ ಎಂಬ ಅರ್ಥದ ಉತ್ತರ ಬಂತು. ಅಷ್ಟೇ.

ಆದರೆ ಆ ಕೆಲವು ನಿಮಿಷಗಳು ಅವರನ್ನು ಬಿಡಲೇ ಇಲ್ಲ. ತೆರೆಯ ಮೇಲೆ ಯಾವಾಗಲೂ ನಗುತ್ತಿದ್ದ ಹೆಂಗಸು ಇಲ್ಲಿ ನಗಲಿಲ್ಲ, ಜನರಿಗೆ ಅದೇ ದೊಡ್ಡ ಅಪರಾಧವಾಗಿ ಕಂಡಿತು. ಪಾರ್ಕಿನ್ಸನ್ ಬೈಯುವ ಅಪ್ಪನ ಹಾಗಿದ್ದರು ಎಂದು ಅವರು ಮುಂದೆ ಹೇಳಿದರು. ಪಾರ್ಕಿನ್ಸನ್ ಕೂಡ 2021ರಲ್ಲಿ, ಇನ್ನಷ್ಟು ಸೌಜನ್ಯದಿಂದ ನಡೆದುಕೊಳ್ಳಬೇಕಿತ್ತು ಎಂದು ಒಪ್ಪಿಕೊಂಡರು. 2023ರಲ್ಲಿ ಅವರು ತೀರಿಕೊಂಡರು. ಆ ಒಪ್ಪಿಗೆ ಬರಲು 18 ವರ್ಷ ಬೇಕಾಯಿತು, ಅದು ಹೆಚ್ಚಿನವರ ಕಿವಿಗೆ ಬೀಳಲೂ ಇಲ್ಲ. ವಿಡಿಯೋ ತುಣುಕು ಮಾತ್ರ ಇಂದಿಗೂ ಓಡುತ್ತಿದೆ.

## ಸ್ವಲ್ಪ ಒಳಕ್ಕೆ ಇಳಿದರೆ

ನಗಿಸುವುದು ಬಿಟ್ಟು ಗಂಭೀರ ಪಾತ್ರಕ್ಕೆ ಹೋದದ್ದೇ ತಪ್ಪು. ತನ್ನ ಕೆಲಸ ತಾನು ಮಾಡಿಕೊಂಡು ಇರಬಾರದಿತ್ತಾ?

ಇದನ್ನು ಕುಂಬಳೆಯ ಪತ್ರದವರು ತುಂಬಾ ಖಡಕ್ಕಾಗಿ ಬರೆದಿದ್ದಾರೆ. ನನ್ನ ಉತ್ತರವೂ ಖಡಕ್ಕೇ: ಅವರು ಗಂಭೀರ ಪಾತ್ರಗಳನ್ನು ಮೊದಲೇ ಮಾಡಿದ್ದರು, ಗೆದ್ದೂ ಇದ್ದರು. 1994ರ 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್'ನಲ್ಲಿ ಕುಡಿತಕ್ಕೆ ಬಿದ್ದ ತಾಯಿ. ಬಾತ್‌ರೂಮಿನಲ್ಲಿ ಕುಸಿದು ಬೀಳುವ, ಮಗಳಿಗೆ ಹೊಡೆಯುವ ಪಾತ್ರ ಅದು, ನೋಡುವಾಗ ಹೊಟ್ಟೆ ಕಿವುಚುತ್ತದೆ. 1996ರ 'ಕರೇಜ್ ಅಂಡರ್ ಫೈರ್'ನಲ್ಲಿ ಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರ್ ನಡೆಸುವ ಸೇನಾಧಿಕಾರಿ. ಅಲ್ಲಿ ಒಬ್ಬೊಬ್ಬ ಸೈನಿಕ ಒಂದೊಂದು ಕಥೆ ಹೇಳುತ್ತಾನೆ, ಒಬ್ಬನ ಕಥೆಯಲ್ಲಿ ಆಕೆ ವೀರಳು, ಇನ್ನೊಬ್ಬನ ಕಥೆಯಲ್ಲಿ ಹೇಡಿ, ಒಂದೇ ಘಟನೆಯನ್ನು ಅವರು ಎರಡು ರೀತಿ ಅಭಿನಯಿಸಬೇಕು, ಅದನ್ನು ಮಾಡಿ ತೋರಿಸಿದ್ದಾರೆ. ಆ ಸಿನಿಮಾ ಒಳ್ಳೆಯ ದುಡ್ಡೂ ಮಾಡಿತು.

ಹಾಗಾಗಿ ಗಂಭೀರವಾದದ್ದು ತೊಂದರೆ ಅಲ್ಲ. ಕುಡುಕ ತಾಯಿಯನ್ನು ಜನ ಕರುಣೆಯಿಂದ ನೋಡಿದರು, ಸೈನಿಕಳನ್ನು ಗೌರವದಿಂದ ನೋಡಿದರು. 'ಇನ್ ದ ಕಟ್'ನಲ್ಲಿ ತನ್ನ ಆಸೆಯ ಹಿಂದೆ ಹೋಗುವ ನಲವತ್ತರ ಹೆಂಗಸನ್ನು ನೋಡುವಾಗ ಕರುಣೆಯೂ ಬರಲಿಲ್ಲ, ಗೌರವವೂ ಬರಲಿಲ್ಲ.

ಹಾಗಾದ್ರೆ 'ಇನ್ ದ ಕಟ್' ಅಷ್ಟು ಕೆಟ್ಟ ಸಿನಿಮಾನಾ?

ಅಲ್ಲ. ಜೇನ್ ಕ್ಯಾಂಪಿಯನ್ ನಿರ್ದೇಶನದ ಚಿತ್ರ, ಸುಸಾನಾ ಮೂರ್ ಅವರ ಕಾದಂಬರಿ ಆಧರಿಸಿದ್ದು. ಮೊದಲು ಆ ಪಾತ್ರ ಮಾಡಬೇಕಿದ್ದದ್ದು ನಿಕೋಲ್ ಕಿಡ್‌ಮನ್, ಅವರು ಹಿಂದೆ ಸರಿದು ನಿರ್ಮಾಪಕರಾಗಿ ಉಳಿದರು. ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಕಲಿಸುವ ಒಬ್ಬಳು ಟೀಚರ್, ಅವಳ ಬೀದಿಯಲ್ಲಿ ಒಂದು ಕೊಲೆ, ತನಿಖೆಗೆ ಬಂದ ಪೊಲೀಸ್ ಅಧಿಕಾರಿಯ ಮೇಲೆ ಅವಳಿಗೆ ಮೋಹ, ಅವನೇ ಕೊಲೆಗಾರನೋ ಎಂಬ ಅನುಮಾನವೂ ಜೊತೆಗೆ. ಚಿತ್ರದ ಉದ್ದಕ್ಕೂ ಮೆಗ್ ರಯಾನ್ ಒಮ್ಮೆಯೂ ಆ ಹಳೆಯ ನಗು ನಗುವುದಿಲ್ಲ. ಕೂದಲು ಕಪ್ಪಾಗಿದೆ, ಮಾತು ಕಡಿಮೆ. ಅಮೆರಿಕದಲ್ಲಿ ಸಿನಿಮಾ ನೋಡಿ ಹೊರಗೆ ಬಂದ ಪ್ರೇಕ್ಷಕರಿಂದ ಅಂಕ ಹಾಕಿಸುವ ಸಿನೆಮಾಸ್ಕೋರ್ ಎಂಬ ವ್ಯವಸ್ಥೆ ಉಂಟು, ಅದರಲ್ಲಿ ಇದಕ್ಕೆ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ 'ಎಫ್'.

ಮೇಲೆ ಹೇಳಿದ ಹೋಟೆಲ್ ದೃಶ್ಯವನ್ನು ಈಗ ಪಕ್ಕದಲ್ಲಿ ಇಟ್ಟು ನೋಡಿ. 1989ರಲ್ಲಿ ಅದೇ ನಟಿ ಸುಖವನ್ನು ನಟಿಸಿ ತೋರಿಸಿದರು, ಜಗತ್ತೇ ಚಪ್ಪಾಳೆ ಹೊಡೆಯಿತು, ಯಾಕೆಂದರೆ ಅದು ತಮಾಷೆ, ಅದು ಸುಳ್ಳು ಎಂದು ಎಲ್ಲರಿಗೂ ಗೊತ್ತು. 2003ರಲ್ಲಿ ಅವರ ಪಾತ್ರಕ್ಕೆ ನಿಜವಾಗಿ ಆಸೆ ಇತ್ತು. ಅದನ್ನು ಯಾರೂ ಸಹಿಸಲಿಲ್ಲ. ಅವರ ವೃತ್ತಿಜೀವನದ ಇಡೀ ಗಂಟು ನನಗೆ ಈ ಎರಡು ದೃಶ್ಯಗಳ ನಡುವೆ ಕಾಣುತ್ತದೆ. ಈಚೆಗೆ ಅನೇಕ ವಿಮರ್ಶಕರು ಈ ಚಿತ್ರವನ್ನು ಮತ್ತೆ ನೋಡಿ ಹೊಗಳುತ್ತಿದ್ದಾರೆ. ಒಳ್ಳೆಯದೇ, ಆದರೆ ಆಗ ಕಳೆದುಹೋದ ವರ್ಷಗಳನ್ನು ಯಾರು ಕೊಡುತ್ತಾರೆ?

ಟಾಮ್ ಹ್ಯಾಂಕ್ಸ್ ಕೂಡ ಅವೇ ಸಿನಿಮಾದಲ್ಲಿ ಇದ್ದದ್ದಲ್ವಾ? ಅವರಿಗೆ ಯಾಕೆ ಎಂತದ್ದೂ ಆಗಲಿಲ್ಲ?

ಹ್ಯಾಂಕ್ಸ್ ಬಗ್ಗೆ ನನಗೆ ತಕರಾರಿಲ್ಲ, ಒಳ್ಳೆಯ ನಟ. ಆದರೆ ಅವರಿಗೆ ಸಿಕ್ಕಿದ ದಾರಿ ನೋಡಿ. 'ಸ್ಲೀಪ್‌ಲೆಸ್ ಇನ್ ಸಿಯಾಟಲ್' ಬಂದ 1993ರಲ್ಲೇ ಅವರು 'ಫಿಲಡೆಲ್ಫಿಯಾ'ದಲ್ಲಿ ಏಡ್ಸ್ ಬಂದ ವಕೀಲನ ಪಾತ್ರ ಮಾಡಿದರು, ಆಸ್ಕರ್ ಬಂತು. ಮರುವರ್ಷ 'ಫಾರೆಸ್ಟ್ ಗಂಪ್', ಮತ್ತೆ ಆಸ್ಕರ್. 1998ರಲ್ಲಿ ಒಂದು ಕಡೆ ಮೆಗ್ ರಯಾನ್ ಜೊತೆ ಪುಸ್ತಕದಂಗಡಿಯ ಪ್ರೇಮಕಥೆ 'ಯೂ ಹ್ಯಾವ್ ಗಾಟ್ ಮೇಲ್', ಇನ್ನೊಂದು ಕಡೆ 'ಸೇವಿಂಗ್ ಪ್ರೈವೇಟ್ ರಯಾನ್'ನಲ್ಲಿ ಯುದ್ಧದ ಕ್ಯಾಪ್ಟನ್. ಗಂಡಸು ಪ್ರೇಮಿಯೂ ಆಗಬಹುದು, ಕ್ಯಾಪ್ಟನ್, ವಕೀಲ, ಗಗನಯಾತ್ರಿ ಎಲ್ಲವೂ ಆಗಬಹುದು. ಮೆಗ್ ರಯಾನ್ ಅವರಿಗೆ ಆಸ್ಕರ್ ನಾಮನಿರ್ದೇಶನ ಕೂಡ ಒಂದೇ ಒಂದು ಸಲ ಬಂದಿಲ್ಲ.

ಇನ್ನೊಂದು ವಿಷಯ ಕೇಳಿದರೆ ನಿಮಗೇ ಆಶ್ಚರ್ಯವಾಗಬಹುದು. 1998ರಲ್ಲಿ ಹ್ಯಾಂಕ್ಸ್ ಅವರ ಪ್ರೇಯಸಿಯಾಗಿದ್ದ ಮೆಗ್ ರಯಾನ್, 2008ರ 'ಮೈ ಮಾಮ್ಸ್ ನ್ಯೂ ಬಾಯ್‌ಫ್ರೆಂಡ್'ನಲ್ಲಿ ಹ್ಯಾಂಕ್ಸ್ ಅವರ ಮಗ ಕಾಲಿನ್ ಹ್ಯಾಂಕ್ಸ್‌ಗೆ ತಾಯಿ. ಅಮೆರಿಕದಲ್ಲಿ ಆ ಸಿನಿಮಾ ಟಾಕೀಸಿಗೂ ಬರಲಿಲ್ಲ, ನೇರ ಡಿವಿಡಿ. 'ಟಾಪ್ ಗನ್' ಕಥೆಯೂ ಹೀಗೆಯೇ. ಟಾಮ್ ಕ್ರೂಸ್ ಮೆಗ್ ರಯಾನ್‌ಗಿಂತ ಬರೀ ಕೆಲವು ತಿಂಗಳು ಚಿಕ್ಕವರು. 2022ರಲ್ಲಿ ಎರಡನೇ ಭಾಗ ಬಂದಾಗ ಕ್ರೂಸ್ ಇನ್ನೂ ವಿಮಾನ ಹಾರಿಸುವ ಹೀರೋ. ಮೆಗ್ ರಯಾನ್ ಮಾಡಿದ್ದ ಪಾತ್ರವನ್ನು ಕಥೆಯಲ್ಲಿ ಮೊದಲೇ ಸಾಯಿಸಿ ಆಗಿತ್ತು.

ಗಂಡಸರ ಮಾತು ಬಿಡಿ. ಜೂಲಿಯಾ ರಾಬರ್ಟ್ಸ್, ಸಾಂಡ್ರಾ ಬುಲಕ್ ಉಳಿದರಲ್ಲ?

ಉಳಿದರು, ನಿಜ. ಈ ಪ್ರಶ್ನೆ ಕೇಳಿದ ಹುಡುಗಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ರಾಬರ್ಟ್ಸ್ 2000ದಲ್ಲಿ 'ಎರಿನ್ ಬ್ರಾಕೊವಿಚ್' ಮಾಡಿದರು. ಅದು ವಿಷ ಬೆರೆತ ನೀರಿನ, ಕೋರ್ಟು ಕಚೇರಿಯ ಗಂಭೀರ ಕಥೆ, ಆದರೆ ಪಾತ್ರ ಮಾತ್ರ ಅದೇ ಬಾಯಿಬಡುಕಿ, ಅದೇ ಅಗಲ ನಗು. ಬುಲಕ್ 2009ರಲ್ಲಿ ಒಂದು ಕಡೆ 'ದ ಪ್ರಪೋಸಲ್' ಎಂಬ ಪ್ರೇಮಕಥೆ, ಇನ್ನೊಂದು ಕಡೆ 'ದ ಬ್ಲೈಂಡ್ ಸೈಡ್'ನ ಗಟ್ಟಿಗಿತ್ತಿ ತಾಯಿ, ಅದಕ್ಕೆ ಆಸ್ಕರ್. ಇಬ್ಬರೂ ಬದಲಾದರು, ಆದರೆ ಜನ ಮೊದಲು ಇಷ್ಟಪಟ್ಟದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಬದಲಾದರು.

ನಮ್ಮಲ್ಲೇ ಉದಾಹರಣೆ ಉಂಟು. 1989ರಲ್ಲೇ, ಸ್ಯಾಲಿ ಬಂದ ವರ್ಷವೇ, ಮಾಲಾಶ್ರೀ ಅವರ 'ನಂಜುಂಡಿ ಕಲ್ಯಾಣ' ಬಂತು. ಕುಣಿದು ಕುಪ್ಪಳಿಸುವ, ಯಾರಿಗೂ ಬಗ್ಗದ ಹುಡುಗಿ. ಎರಡೇ ವರ್ಷದಲ್ಲಿ 'ಎಸ್.ಪಿ. ಭಾರ್ಗವಿ' ಆಗಿ ಖಾಕಿ ಹಾಕಿದರು, ಆಮೇಲೆ ಫೈಟಿಂಗ್ ಸಿನಿಮಾಗಳ ಸಾಲೇ ಬಂತು, ಜನ ಒಪ್ಪಿದರು. ಆ ಧೈರ್ಯ, ಆ ಬಜಾರಿತನ ಮೊದಲ ಪಾತ್ರದಲ್ಲೇ ಇತ್ತಲ್ಲ, ಅದಕ್ಕೇ ಲಾಠಿ ಕೈಗೆ ಬಂದಾಗ ಹೊಸಬರು ಅನಿಸಲಿಲ್ಲ. ಮೆಗ್ ರಯಾನ್ ಮಾಡಿದ್ದು ಇದಕ್ಕಿಂತ ಕಷ್ಟದ್ದು. ಅವರು ನಗುವನ್ನೇ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದರು. ಕಲಾವಿದೆಯಾಗಿ ಅದು ದೊಡ್ಡ ಧೈರ್ಯ ಎಂದೇ ನಾನು ಹೇಳುವುದು. ಮಾರುಕಟ್ಟೆಗೆ ಮಾತ್ರ ಆ ಧೈರ್ಯ ಬೇಕಾಗಿರಲಿಲ್ಲ.

ಮಂಜು ವಾರಿಯರ್ ಅಷ್ಟು ವರ್ಷ ಆದ ಮೇಲೆ ಬಂದರೂ ಜನ ಸ್ವೀಕರಿಸಿದರಲ್ಲ? ಇವರಿಗೆ ಯಾಕೆ ಆಗಲಿಲ್ಲ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಬರದೇ ಇದ್ದರೇ ಆಶ್ಚರ್ಯ. ಮಲಯಾಳದ ನಟಿ ಮಂಜು ವಾರಿಯರ್ 1998ರಲ್ಲಿ ಮದುವೆಯಾದರು, 1999ರ ಸಿನಿಮಾದ ನಂತರ ತೆರೆಯಿಂದ ಪೂರ್ತಿ ದೂರ. ಹೋದದ್ದು ತುಂಬು ಜನಪ್ರಿಯತೆಯಲ್ಲಿ. ಅವರ ಸೋಲನ್ನು ಯಾರೂ ನೋಡಿಲ್ಲ, ಅವರಿಗೆ ವಯಸ್ಸಾಗುವುದನ್ನೂ ತೆರೆಯ ಮೇಲೆ ನೋಡಿಲ್ಲ. ಹಾಗಾಗಿ ಜನರ ಮನಸ್ಸಿನಲ್ಲಿ ಉಳಿದದ್ದು ಕೊರತೆ ಮಾತ್ರ, ಬೇಸರ ಅಲ್ಲ. 2014ರಲ್ಲಿ 'ಹೌ ಓಲ್ಡ್ ಆರ್ ಯೂ' ಮೂಲಕ ವಾಪಸ್ ಬಂದಾಗ ಆರಿಸಿಕೊಂಡ ಕಥೆಯೂ ಸರಿಯಾದದ್ದೇ. ಮನೆಯವರಿಗೂ ಆಫೀಸಿಗೂ ಬೇಡವಾದ, ವಯಸ್ಸಿನ ಮಾತು ಕೇಳಿ ಕುಗ್ಗಿದ ಒಬ್ಬ ಸರಕಾರಿ ಗುಮಾಸ್ತೆ ಮತ್ತೆ ಎದ್ದು ನಿಲ್ಲುವುದು. ಅದೇ ಕಥೆ 2015ರಲ್ಲಿ ತಮಿಳಿಗೆ ಹೋದಾಗ ಜ್ಯೋತಿಕಾ ಕೂಡ ಮದುವೆಯ ನಂತರದ ಬಿಡುವು ಮುಗಿಸಿ ಅದರಲ್ಲೇ ವಾಪಸ್ ಬಂದರು.

ನಮ್ಮ ಅಕ್ಕಂದಿರು, ಅತ್ತಿಗೆಯರು, ಟಾಕೀಸಿಗೆ ಹೋಗುವುದನ್ನೇ ಬಿಟ್ಟಿದ್ದವರು, ಆ ಸಿನಿಮಾಕ್ಕೆ ಹೋದರು. ಆ ವಯಸ್ಸಿನ ಹೆಂಗಸರಿಗಾಗಿ ಸಿನಿಮಾ ಮಾಡಿದರೆ ಅವರು ಬಂದೇ ಬರುತ್ತಾರೆ ಎಂದು ನಾನು ನಂಬಿದ್ದೇನೆ. ಮೆಗ್ ರಯಾನ್ ಅವರಿಗೆ ನಲವತ್ತೈದು ಆದಾಗ ಅವರ ಸ್ಯಾಲಿಯ ಜೊತೆಗೇ ಬೆಳೆದ ಲಕ್ಷಾಂತರ ಹೆಂಗಸರು ಇದ್ದರು. ಅವರಿಗಾಗಿ ಅಂತಹದೊಂದು ಕಥೆ ಬರೆಯಲು ಹಾಲಿವುಡ್ ಸ್ಟುಡಿಯೋಗಳು ಮುಂದೆ ಬರಲಿಲ್ಲ.

ಅಂಥ ಪ್ರೇಮಕಥೆಗಳೇ ಈಗ ಬರುವುದಿಲ್ಲ ಅಲ್ವಾ? ಜನರಿಗೆ ಬೇಡವಾಯ್ತಾ?

ಜನರಿಗೆ ಬೇಡವಾಗಲಿಲ್ಲ, ಸ್ಟುಡಿಯೋಗಳಿಗೆ ಬೇಡವಾಯಿತು. 'ಸ್ಲೀಪ್‌ಲೆಸ್ ಇನ್ ಸಿಯಾಟಲ್' ಸುಮಾರು 2 ಕೋಟಿ ಡಾಲರ್ ಖರ್ಚಿನ ಚಿತ್ರ, ಗಳಿಸಿದ್ದು 22 ಕೋಟಿಗೂ ಜಾಸ್ತಿ. ಇಂಥ ಮಧ್ಯಮ ಖರ್ಚಿನ ಸಿನಿಮಾಗಳಿಗೆ ಟಾಕೀಸಿನ ಟಿಕೆಟಿನ ಜೊತೆಗೆ ಕ್ಯಾಸೆಟ್, ಆಮೇಲೆ ಡಿವಿಡಿ ಮಾರಾಟದ ದುಡ್ಡು ದೊಡ್ಡ ಆಸರೆ. 2000ದ ದಶಕದ ಕೊನೆಗೆ ಡಿವಿಡಿ ವ್ಯಾಪಾರ ಕುಸಿಯಿತು. ಇನ್ನೊಂದು ಕಡೆ ಹೊರದೇಶದ ಮಾರುಕಟ್ಟೆ ದೊಡ್ಡದಾಯಿತು. ಸೂಪರ್‌ಹೀರೋ ಗುದ್ದಾಟ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ, ಮಾತಿನಲ್ಲೇ ನಗಿಸುವ ಪ್ರೇಮಕಥೆ ಅಷ್ಟು ಸುಲಭವಾಗಿ ದಾಟುವುದಿಲ್ಲ. ಸ್ಟುಡಿಯೋಗಳು 15 ಕೋಟಿ, 20 ಕೋಟಿ ಡಾಲರಿನ ದೊಡ್ಡ ಚಿತ್ರಗಳ ಕಡೆ ತಿರುಗಿದವು. 2018ರ ಹೊತ್ತಿಗೆ ನೆಟ್‌ಫ್ಲಿಕ್ಸ್ ಪ್ರೇಮಕಥೆಗಳನ್ನು ಮತ್ತೆ ಮಾಡಲು ಶುರು ಮಾಡಿದಾಗ ಜನ ಮುಗಿಬಿದ್ದು ನೋಡಿದರು.

ಅಂದರೆ ಮೆಗ್ ರಯಾನ್ 2003ರಲ್ಲಿ ಹೊರಗೆ ಕಾಲಿಟ್ಟು ನೋಡಿ, ಆಗಲಿಲ್ಲ ಎಂದು ವಾಪಸ್ ಬಂದಿದ್ದರೂ, ವಾಪಸ್ ಬರಲು ಆ ಮನೆಯೇ ಇರಲಿಲ್ಲ.

ನೋರಾ ಎಫ್ರಾನ್ ಬರೆದುಕೊಟ್ಟದ್ದರಿಂದ ಅವರು ಗೆದ್ದದ್ದು, ಸ್ವಂತದ್ದು ಎಂತದ್ದೂ ಇರಲಿಲ್ಲ ಅಂತ ನಮ್ಮ ಮಾಷ್ಟ್ರು ಹೇಳ್ತಾರೆ.

ನಿಮ್ಮ ಮಾಷ್ಟ್ರು ಅರ್ಧ ಸರಿ. ಹ್ಯಾರಿ-ಸ್ಯಾಲಿಯ ಚಿತ್ರಕಥೆ ನೋರಾ ಎಫ್ರಾನ್ ಅವರದ್ದು, ನಿರ್ದೇಶನ ರಾಬ್ ರೈನರ್. ಸಿಯಾಟಲ್ ಮತ್ತು ಮೇಲ್ ಎರಡನ್ನೂ ಎಫ್ರಾನ್ ಅವರೇ ನಿರ್ದೇಶಿಸಿದರು. ಊಟ ತರಿಸುವಾಗ ಸ್ಯಾಲಿ ಮಾಡುವ ಆ ಹಠ ಕೂಡ ಎಫ್ರಾನ್ ಅವರ ಸ್ವಂತ ಅಭ್ಯಾಸದಿಂದ ಬಂದದ್ದು. ಚುರುಕು ಬುದ್ಧಿಯ ಹೆಂಗಸು ತನ್ನ ಹಾಗೆಯೇ ಇರುವ ಪಾತ್ರ ಬರೆದರು, ಅದನ್ನು ಆಡಿ ತೋರಿಸಲು ಸರಿಯಾದ ನಟಿ ಸಿಕ್ಕಿದರು. 2000ದಲ್ಲಿ ಬಂದ 'ಹ್ಯಾಂಗಿಂಗ್ ಅಪ್' ಅವರ ಬರವಣಿಗೆಯಲ್ಲಿ ಮೆಗ್ ರಯಾನ್ ನಟಿಸಿದ ಕೊನೆಯ ಸಿನಿಮಾ. ಎಫ್ರಾನ್ 2012ರಲ್ಲಿ ತೀರಿಕೊಂಡರು.

ಇನ್ನರ್ಧ ತಪ್ಪು. 'ಫ್ರೆಂಚ್ ಕಿಸ್', 'ಸಿಟಿ ಆಫ್ ಏಂಜಲ್ಸ್', 'ಕರೇಜ್ ಅಂಡರ್ ಫೈರ್' ಯಾವುದೂ ಎಫ್ರಾನ್ ಬರೆದದ್ದಲ್ಲ. ಒಳ್ಳೆಯ ಪ್ರಸಂಗ ಸಿಕ್ಕಿದರೆ ಸಾಕೇ? ವೇಷ ಕಟ್ಟಿ ಅರ್ಥ ಹೇಳುವವರು ಬೇಡವೇ? ಯಕ್ಷಗಾನ ನೋಡಿ ಬೆಳೆದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರನ್ನು ಬಿಡಿಸಿದ್ದಾ, ಅವರೇ ಬಿಟ್ಟದ್ದಾ?

ಎರಡೂ. 2019ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಜೊತೆ ಮಾತಾಡುವಾಗ, ಹಾಲಿವುಡ್‌ಗೆ ತಾನು ಸಾಕಾದ ಹೊತ್ತಿಗೇ ತನಗೂ ಹಾಲಿವುಡ್ ಸಾಕಾಗಿತ್ತು ಎಂಬ ಅರ್ಥದ ಮಾತು ಹೇಳಿದ್ದಾರೆ. ಇದು ಸೋತವರು ಸಮಾಧಾನಕ್ಕೆ ಹೇಳುವ ಮಾತಲ್ಲವೇ ಎಂದು ಕೆಲವರು ನನ್ನ ಹತ್ತಿರ ವಾದ ಮಾಡಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. 2006ರಲ್ಲಿ ಚೀನಾದಿಂದ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು. ಮಗ ಜ್ಯಾಕ್ ಕ್ವೇಡ್ ಬೆಳೆದು ನಟನಾದ, 'ದ ಬಾಯ್ಸ್' ಸರಣಿಯಲ್ಲಿ ಹ್ಯೂಯಿ ಪಾತ್ರ ಮಾಡುವುದು ಅವನೇ. ಇಪ್ಪತ್ತರ ವಯಸ್ಸಿನಿಂದ ಒಂದೇ ಸಮ ಕ್ಯಾಮೆರಾ ಎದುರು ನಿಂತ ಹೆಂಗಸಿಗೆ ಮನೆ, ಮಕ್ಕಳು, ಬೇರೆ ಊರು, ಬೇರೆ ಕೆಲಸ ಬೇಕು ಅನಿಸಿದರೆ ಅದನ್ನು ಸೋಲು ಅನ್ನಬೇಕಾ?

ಆದರೆ ಅಷ್ಟಕ್ಕೇ ನಿಂತು 'ಅವರಿಗೇ ಬೇಡವಾಗಿತ್ತು' ಎಂದು ಹೇಳಿಬಿಟ್ಟರೆ ಸ್ಟುಡಿಯೋಗಳು, ಪತ್ರಿಕೆಗಳು, ಟಿಕೆಟ್ ಕೊಂಡ ನಾವು, ಎಲ್ಲರೂ ಸುಲಭವಾಗಿ ಪಾರಾಗಿಬಿಡುತ್ತೇವೆ. ಅದಕ್ಕೇ 'ಎರಡೂ' ಅಂದದ್ದು.

ಈಗ ಎಂತ ಮಾಡ್ತಿದ್ದಾರೆ?

ನಿರ್ದೇಶನ. 2015ರಲ್ಲಿ 'ಇಥಾಕಾ' ಎಂಬ ಸಣ್ಣ ಚಿತ್ರ ಮಾಡಿದರು, ಎರಡನೇ ಮಹಾಯುದ್ಧದ ಕಾಲದಲ್ಲಿ ತಂತಿ ಹಂಚುವ ಹುಡುಗನ ಕಥೆ. ಹಳೆಯ ಗೆಳೆಯ ಟಾಮ್ ಹ್ಯಾಂಕ್ಸ್ ಅದರಲ್ಲಿ ಚಿಕ್ಕ ಪಾತ್ರಕ್ಕೆ ಬಂದು ಹೋದರು. 2023ರಲ್ಲಿ 'ವಾಟ್ ಹ್ಯಾಪನ್ಸ್ ಲೇಟರ್' ನಿರ್ದೇಶಿಸಿ, ಡೇವಿಡ್ ಡುಕೋವ್ನಿ ಜೊತೆ ನಟಿಸಿದರು. ವರ್ಷಗಳ ಹಿಂದೆ ಬೇರೆಯಾದ ಇಬ್ಬರು ಪ್ರೇಮಿಗಳು ಹಿಮಪಾತದಿಂದ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ರಾತ್ರಿಯಿಡೀ ಸಿಕ್ಕಿಹಾಕಿಕೊಳ್ಳುತ್ತಾರೆ. ಇಡೀ ಸಿನಿಮಾದಲ್ಲಿ ಅವರಿಬ್ಬರು, ಮತ್ತೆ ಮೈಕಿನಲ್ಲಿ ಬರುವ ಒಂದು ಧ್ವನಿ. ಚಿತ್ರವನ್ನು ನೋರಾ ಎಫ್ರಾನ್ ಅವರಿಗೆ ಅರ್ಪಿಸಿದ್ದಾರೆ. ಟಾಕೀಸಿನಲ್ಲಿ ದೊಡ್ಡದಾಗಿ ಓಡಲಿಲ್ಲ, ನಡುವೆ ಸ್ವಲ್ಪ ಎಳೆಯುತ್ತದೆ ಕೂಡ. ಆದರೆ ಅರವತ್ತು ದಾಟಿದ ಹೆಂಗಸು ತೆರೆಯ ಮೇಲೆ ಪ್ರೀತಿ ಮಾಡುವುದನ್ನು, ಕುಣಿಯುವುದನ್ನು, ಹಳೆಯ ಸಿಟ್ಟು ತೆಗೆದು ಜಗಳವಾಡುವುದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು. ಯಾರೂ ಬರೆಯದೇ ಇದ್ದ ಪಾತ್ರವನ್ನು ಅವರು ತಾವೇ ಮಾಡಿಕೊಂಡರು.

ಒಂದೂ ನೋಡದವರು ಯಾವುದರಿಂದ ಶುರು ಮಾಡಬೇಕು?

ಮೊದಲು 'ವೆನ್ ಹ್ಯಾರಿ ಮೆಟ್ ಸ್ಯಾಲಿ'. ಆ ಹೋಟೆಲ್ ದೃಶ್ಯ ಇರುವುದರಿಂದ ಮನೆಯವರೆಲ್ಲ ಒಟ್ಟಿಗೆ ಕೂತಾಗ ಬೇಡ. ಮನೆಮಂದಿಗೆಲ್ಲ ಆಗುವುದು 'ಯೂ ಹ್ಯಾವ್ ಗಾಟ್ ಮೇಲ್', ಮಕ್ಕಳ ಪುಸ್ತಕದ ಪುಟ್ಟ ಅಂಗಡಿಯೊಂದನ್ನು ದೊಡ್ಡ ಮಳಿಗೆ ನುಂಗುವ ಕಥೆ ಅದರಲ್ಲಿ ಉಂಟು, ನಮ್ಮ ಪೇಟೆಯ ಅಂಗಡಿಯವರು ನೋಡಬೇಕಾದದ್ದು. ಆಮೇಲೆ 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್'. 'ಇನ್ ದ ಕಟ್' ದೊಡ್ಡವರಿಗೆ ಮಾತ್ರ, ಅದೂ ಇವೆಲ್ಲ ಆದ ಮೇಲೆ ನೋಡಿ. ನೋಡಿದವರು ನನಗೆ ಬರೆಯಿರಿ, ಇಷ್ಟವಾಗದಿದ್ದರೂ ಬರೆಯಿರಿ.